ಹಲ್ಲೆಯ ವಿಡಿಯೊ ಊರೆಲ್ಲ ಹರಡಿದೆ. ನಮ್ಮ ಅಂಗಡಿಯ ಕ್ಯಾಮೆರಾದಲ್ಲಿರುವ ಪೂರ್ತಿ ದೃಶ್ಯವನ್ನು ಏನು ಮಾಡಬೇಕು?

ಸಂತೆಬೀದಿ, ಹಾಸನ ಜಿಲ್ಲೆ:

ನಮ್ಮ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಸಂತೆ ಮೈದಾನದ ಎದುರಿಗೆ ನನ್ನ ಗೊಬ್ಬರದ ಅಂಗಡಿಯಿದೆ. ಕಳೆದ ಸಂತೆಯ ದಿನ, ಶುಂಠಿ ಕೀಳುವ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದಿದ್ದ ಕೂಲಿಕಾರರ ತಂಡದ ಯುವಕನೊಬ್ಬನನ್ನು ಮೊಬೈಲ್ ಕದ್ದನೆಂಬ ಆರೋಪದ ಮೇಲೆ ಏಳೆಂಟು ಮಂದಿ ಹಿಡಿದು, ವಿದ್ಯುತ್ ಕಂಬಕ್ಕೆ ಹಗ್ಗದಿಂದ ಕಟ್ಟಿ ಹೊಡೆದರು. ಸುತ್ತ ನಿಂತಿದ್ದವರಲ್ಲಿ ಹಲವರು ಮೊಬೈಲ್ ಎತ್ತಿ ಹಿಡಿದು ಚಿತ್ರೀಕರಿಸುತ್ತಿದ್ದರು. ಕದ್ದನೆನ್ನಲಾದ ಮೊಬೈಲ್ ಆತನ ಬಳಿ ಸಿಗಲಿಲ್ಲ. ಸಿಕ್ಕಿದ್ದರೂ ಹಾಗೆ ಹೊಡೆಯುವ ಹಕ್ಕು ಯಾರಿಗೂ ಇರಲಿಲ್ಲ. ನಾನು ಆ ಹೊತ್ತಿನಲ್ಲಿ ಸರಕು ತರಲು ಹಾಸನಕ್ಕೆ ಹೋಗಿದ್ದೆ, ಅಂಗಡಿಯಲ್ಲಿ ಕೆಲಸದ ಹುಡುಗನೊಬ್ಬನೇ ಇದ್ದ.

ಅಂದು ಸಂಜೆ ತಂಡದ ಮೇಸ್ತ್ರಿ ಯುವಕನನ್ನು ಠಾಣೆಗೆ ಕರೆದುಕೊಂಡು ಹೋದಾಗ, ಇದು ಅಸಂಜ್ಞೇಯ, ಅಂದರೆ ಕೋರ್ಟಿನ ಅನುಮತಿಯಿಲ್ಲದೆ ಪೊಲೀಸರು ತನಿಖೆ ಮಾಡಲಾಗದ, ಸಣ್ಣ ಜಗಳವೆಂದು ಹೇಳಿ, ಎಫ್‌ಐಆರ್ ಹಾಕದೆ, ಹಾಗೆಂದು ಹಿಂಬರಹ ಬರೆದುಕೊಟ್ಟು ಕಳುಹಿಸಿದರಂತೆ. ಮಾರನೆಯ ಬೆಳಿಗ್ಗೆ ಅರ್ಧ ನಿಮಿಷದ ವಿಡಿಯೊವೊಂದು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡಿತು, ಮಧ್ಯಾಹ್ನಕ್ಕೆ ಸುದ್ದಿವಾಹಿನಿಗಳಿಗೆ ಬಂತು, ರಾತ್ರಿಯೊಳಗೆ ಎಫ್‌ಐಆರ್ ದಾಖಲಾಗಿ ಮೂವರ ಬಂಧನವೂ ಆಯಿತು. ಆದ್ದರಿಂದ ವಿಡಿಯೊ ಹರಡಿದ್ದೇ ತಪ್ಪು ಎಂದು ಹೇಳಲು ನನಗೆ ಮನಸ್ಸು ಬರುತ್ತಿಲ್ಲ. ಅದು ಹರಡದೇ ಹೋಗಿದ್ದರೆ ಆ ಹಿಂಬರಹದ ಚೀಟಿಯೊಂದಿಗೇ ಪ್ರಕರಣ ಮುಗಿಯುತ್ತಿತ್ತು.

ಆದರೆ ಅದರ ಬೆನ್ನಿಗೇ ಇನ್ನೊಂದು ಅನ್ಯಾಯ ನಡೆಯುತ್ತಿದೆ. ವಿಡಿಯೊದಲ್ಲಿ ಕಂಬದ ಹತ್ತಿರ ಕಾಣುವ, ನೀಲಿ ಅಂಗಿಯ ಆಟೊ ಚಾಲಕರೊಬ್ಬರ ಮುಖದ ಸುತ್ತ ಕೆಂಪು ವೃತ್ತ ಹಾಕಿ, ಅವರ ಹೆಸರು ಮತ್ತು ಆಟೊದ ನಂಬರಿನೊಂದಿಗೆ, ಹೊಡೆದವರಲ್ಲಿ ಇವನೇ ಮುಖ್ಯ ಎಂದು ಯಾರೋ ಹರಡಿದ್ದಾರೆ. ಅವರ ಮನೆಗೆ ರಾತ್ರಿಯೆಲ್ಲ ಬೆದರಿಕೆಯ ಕರೆಗಳು ಬರುತ್ತಿವೆ, ನಿಲ್ದಾಣದಲ್ಲಿ ಅವರ ಆಟೊ ಹತ್ತುವವರಿಲ್ಲ. ನಮ್ಮ ಅಂಗಡಿಯ ಕ್ಯಾಮೆರಾ ನೇರವಾಗಿ ಆ ಕಂಬದ ಕಡೆಗೇ ಇದೆ. ಅದರಲ್ಲಿ ಆರಂಭದಿಂದ ಕೊನೆಯವರೆಗೆ ಎಲ್ಲವೂ ದಾಖಲಾಗಿದೆ. ಆ ಆಟೊ ಚಾಲಕರು ಜನರನ್ನು ತಳ್ಳಿಕೊಂಡು ಒಳಗೆ ಬಂದು, ತಾವೂ ಎರಡು ಏಟು ತಿಂದು, ಯುವಕನ ಕಟ್ಟು ಬಿಚ್ಚಿದ್ದು ಸ್ಪಷ್ಟವಾಗಿ ಕಾಣುತ್ತದೆ.

ಈಗ ಒಂದು ಕಡೆಯವರು ಆ ದೃಶ್ಯವನ್ನು ಗುಂಪಿಗೆ ಹಾಕಿ, ಉಳಿದವರೂ ಬಂಧನವಾಗಲಿ ಎನ್ನುತ್ತಿದ್ದಾರೆ. ಇನ್ನೊಂದು ಕಡೆಯವರು, ನಿನಗೇಕೆ ಈ ಉಸಾಬರಿ, ಕೋರ್ಟು ಕಚೇರಿ ಅಲೆಯಬೇಕಾದೀತು, ಅಳಿಸಿಬಿಡು ಎನ್ನುತ್ತಿದ್ದಾರೆ. ಆರೋಪಿಗಳು ನಮ್ಮ ಊರಿನವರೇ, ಕೆಲವರ ಮನೆಯವರು ನನ್ನ ಗಿರಾಕಿಗಳು. ಅಳಿಸುವ ಮಾತಂತೂ ಇಲ್ಲ, ಅದನ್ನು ನಾನು ನಿರ್ಧರಿಸಿದ್ದೇನೆ. ಹಾಗಾದರೆ ಅದನ್ನು ಎಲ್ಲಿಗೆ, ಯಾವ ಕ್ರಮದಲ್ಲಿ ಒಪ್ಪಿಸಬೇಕು? ಜನರ ಒತ್ತಡ ಕಡಿಮೆಯಾಗದಂತೆಯೂ, ತಪ್ಪಿಲ್ಲದವರು ಸಿಕ್ಕಿಬೀಳದಂತೆಯೂ ನಡೆದುಕೊಳ್ಳುವುದು ಹೇಗೆ? ಕಾನೂನು ಬಲ್ಲವರು, ಇಂಥದ್ದನ್ನು ಹತ್ತಿರದಿಂದ ಕಂಡವರು ದಯವಿಟ್ಟು ತಿಳಿಸಬೇಕು.

ವಕೀಲೆ, ಹಾಸನ:

ಸರ್, ಮೊದಲು ಇವತ್ತೇ ಮಾಡಬೇಕಾದ ಕೆಲಸ ಹೇಳುತ್ತೇನೆ, ವಿಚಾರ ಆಮೇಲೆ. ಅಂಗಡಿಗಳಲ್ಲಿ ಕ್ಯಾಮೆರಾದ ದೃಶ್ಯವನ್ನು ದಾಖಲಿಸುವ ಡಿವಿಆರ್ ಪೆಟ್ಟಿಗೆ ತನ್ನ ಹಾರ್ಡ್ ಡಿಸ್ಕ್ ತುಂಬಿದೊಡನೆ ಹಳೆಯ ದೃಶ್ಯದ ಮೇಲೆಯೇ ಹೊಸದನ್ನು ಬರೆಯುತ್ತ ಹೋಗುತ್ತದೆ. ಡಿಸ್ಕಿನ ಗಾತ್ರ ಮತ್ತು ಕ್ಯಾಮೆರಾಗಳ ಸಂಖ್ಯೆಗೆ ತಕ್ಕಂತೆ ಕೆಲವು ಕಡೆ ಒಂದು ವಾರದಲ್ಲೇ ಹಿಂದಿನದು ಅಳಿದುಹೋಗುತ್ತದೆ. ಯಾರೂ ಅಳಿಸದೆಯೇ ಸಾಕ್ಷ್ಯ ಇಲ್ಲವಾಗುವುದು ಹೀಗೆಯೇ, ಮತ್ತು ಇದನ್ನು ನಾನು ನ್ಯಾಯಾಲಯದಲ್ಲಿ ಪದೇ ಪದೇ ಕಂಡಿದ್ದೇನೆ. ಕ್ಯಾಮೆರಾ ಹಾಕಿಕೊಟ್ಟವರನ್ನು ಕರೆಸಿ, ಆ ದಿನದ ದೃಶ್ಯವನ್ನು ಪೂರ್ತಿಯಾಗಿ, ಕತ್ತರಿಸದೆ, ಪೆನ್‌ಡ್ರೈವ್‌ಗೆ ತೆಗೆಸಿಡಿ. ಸಾಧ್ಯವಿದ್ದರೆ ಮೂಲ ಹಾರ್ಡ್ ಡಿಸ್ಕನ್ನೇ ಕಳಚಿಟ್ಟು ಪೆಟ್ಟಿಗೆಗೆ ಬೇರೊಂದನ್ನು ಹಾಕಿಸಿ. ಪೆಟ್ಟಿಗೆಯ ಗಡಿಯಾರ ನಿಜವಾದ ಸಮಯಕ್ಕಿಂತ ಮುಂದಿದೆಯೇ ಹಿಂದಿದೆಯೇ ಎಂಬುದನ್ನೂ ಬರೆದಿಟ್ಟುಕೊಳ್ಳಿ. ಗಡಿಯಾರದ ಹತ್ತು ನಿಮಿಷದ ವ್ಯತ್ಯಾಸವನ್ನೇ ಹಿಡಿದು ಇಡೀ ದೃಶ್ಯ ಬೇರೆ ದಿನದ್ದೆಂದು ವಾದಿಸುವವರಿದ್ದಾರೆ.

ಬಳಿಕ ತನಿಖಾಧಿಕಾರಿಗೆ ಒಂದು ಪತ್ರ ಬರೆಯಿರಿ. ಇಂಥ ದಿನದ ಇಂಥ ಘಟನೆಯ ದೃಶ್ಯ ನನ್ನ ಅಂಗಡಿಯ ಕ್ಯಾಮೆರಾದಲ್ಲಿದೆ, ಅದನ್ನು ಒಪ್ಪಿಸಲು ಸಿದ್ಧನಿದ್ದೇನೆ ಎಂಬಷ್ಟೇ ಸಾಕು. ಪತ್ರದ ನಕಲಿನ ಮೇಲೆ ಠಾಣೆಯ ಮೊಹರು ಹಾಕಿಸಿ ಸ್ವೀಕೃತಿ ಪಡೆಯಿರಿ, ಮತ್ತೊಂದು ನಕಲನ್ನು ಸ್ಪೀಡ್ ಪೋಸ್ಟ್‌ನಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಿ. ಹೀಗೆ ಮಾಡಿದ ಮೇಲೆ ಸಾಕ್ಷ್ಯವೇ ಸಿಗಲಿಲ್ಲವೆಂದು ಯಾರೂ ಕೈತೊಳೆದುಕೊಳ್ಳಲು ಬರುವುದಿಲ್ಲ. ಅವರು ಬಂದು ಪಂಚರ ಸಮಕ್ಷಮದಲ್ಲಿ ಮಹಜರು ಬರೆದು ವಶಪಡಿಸಿಕೊಳ್ಳಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಆ ವಶಪಡಿಸಿಕೊಳ್ಳುವ ಪ್ರಕ್ರಿಯೆಯನ್ನೂ ಅವರು ಚಿತ್ರೀಕರಿಸಬೇಕು.

ಇಷ್ಟೆಲ್ಲ ಏಕೆಂದರೆ, ವಾಟ್ಸ್ಆ್ಯಪ್‌ನಲ್ಲಿ ಓಡಾಡಿದ ತುಣುಕು ಮತ್ತು ನಿಮ್ಮ ಪೆಟ್ಟಿಗೆಯೊಳಗಿನ ಮೂಲ ಇವೆರಡೂ ನ್ಯಾಯಾಲಯದ ಕಣ್ಣಿಗೆ ಒಂದೇ ಅಲ್ಲ. ವಾಟ್ಸ್ಆ್ಯಪ್ ವಿಡಿಯೊವನ್ನು ಕುಗ್ಗಿಸಿ ಕಳುಹಿಸುತ್ತದೆ. ಯಾವ ಫೋನಿನಲ್ಲಿ, ಯಾವ ಸಮಯದಲ್ಲಿ ಚಿತ್ರಿಸಿದ್ದು ಎಂಬ ಒಳವಿವರ ಅದರಲ್ಲಿ ಉಳಿಯುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ವಿದ್ಯುನ್ಮಾನ ದಾಖಲೆಯ ನಕಲನ್ನು ಹಾಜರುಪಡಿಸುವಾಗ ಪ್ರಮಾಣಪತ್ರ ಬೇಕು. ಅದರ ಮೊದಲ ಭಾಗಕ್ಕೆ ಉಪಕರಣದ ಉಸ್ತುವಾರಿ ಹೊತ್ತವರು, ಎರಡನೆಯ ಭಾಗಕ್ಕೆ ತಜ್ಞರು ಸಹಿ ಮಾಡಬೇಕು, ಮತ್ತು ಕಡತದ ಹ್ಯಾಶ್ ಮೌಲ್ಯವನ್ನು, ಅಂದರೆ ಕಡತದಿಂದಲೇ ಲೆಕ್ಕಹಾಕಿ ತೆಗೆದ ಗುರುತಿನ ಸಂಕೇತವನ್ನು, ಅದರಲ್ಲಿ ನಮೂದಿಸಬೇಕು. ಕಡತದಲ್ಲಿ ಒಂದಕ್ಷರದಷ್ಟು ಬದಲಾದರೂ ಆ ಮೌಲ್ಯ ಬೇರೆಯೇ ಆಗುತ್ತದೆ. ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರಲ್ಲಿ, ಹಿಂದಿನ ಸಾಕ್ಷ್ಯ ಕಾಯಿದೆ ಜಾರಿಯಲ್ಲಿದ್ದಾಗಲೇ, ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಖಚಿತಪಡಿಸಿತ್ತು. ನೀವು ಸಹಿ ಮಾಡಬೇಕಾಗಿರುವುದು ಈ ಮೊದಲ ಭಾಗಕ್ಕೆ. ನೀವು ಘಟನೆಯನ್ನು ಕಣ್ಣಾರೆ ಕಂಡವರಲ್ಲ. ಆದ್ದರಿಂದ ಯಾರು ಯಾರಿಗೆ ಹೊಡೆದರೆಂದು ನೀವು ಹೇಳಬೇಕಾಗಿಲ್ಲ. ಕ್ಯಾಮೆರಾ ನನ್ನದು, ಅದು ಅಂದು ಸರಿಯಾಗಿ ಕೆಲಸ ಮಾಡುತ್ತಿತ್ತು, ಅದರಿಂದ ತೆಗೆದದ್ದು ಇದು ಎಂಬುದಷ್ಟೇ ನಿಮ್ಮ ಸಾಕ್ಷ್ಯ. ಊರಿನಲ್ಲಿ ಮುಖ ಕೆಡಿಸಿಕೊಳ್ಳುವ ಭಯ ಇದರಿಂದ ಸ್ವಲ್ಪವಾದರೂ ಕಡಿಮೆಯಾಗಬೇಕು. ನಿಮ್ಮ ಕೆಲಸದ ಹುಡುಗ ಕಂಡಿದ್ದರೆ ಅವನ ಸಾಕ್ಷ್ಯದ ಮಾತು ಬೇರೆ.

ಗುಂಪಿಗೆ ಹಾಕಿ ಎನ್ನುವವರಿಗೆ ಮಂಗಳೂರನ್ನು ನೆನಪಿಸಿ. 2009ರ ಜನವರಿಯಲ್ಲಿ ಅಲ್ಲಿನ ಪಬ್ಬೊಂದಕ್ಕೆ ನುಗ್ಗಿ ಹೆಣ್ಣುಮಕ್ಕಳನ್ನು ಹೊಡೆದು ಓಡಿಸಿದ ದೃಶ್ಯವನ್ನು ಇಡೀ ದೇಶ ಟಿ.ವಿ.ಯಲ್ಲಿ ಮತ್ತೆ ಮತ್ತೆ ನೋಡಿತು. 2018ರಲ್ಲಿ ಮಂಗಳೂರಿನ ನ್ಯಾಯಾಲಯವು ಸಾಕ್ಷ್ಯಾಧಾರಗಳ ಕೊರತೆಯಿಂದ ಆರೋಪಿಗಳೆಲ್ಲರನ್ನೂ ಖುಲಾಸೆಗೊಳಿಸಿತು. ದೇಶವೆಲ್ಲ ಕಂಡ ದೃಶ್ಯವಿದ್ದೂ ನ್ಯಾಯಾಧೀಶರ ಮುಂದೆ ಆರೋಪ ಸಾಬೀತಾಗಲಿಲ್ಲ. ಆ ಒಂಬತ್ತು ವರ್ಷಗಳ ನಡುವೆ ವಿಚಾರಣೆ ಎಲ್ಲಿಗೆ ಬಂತೆಂದು ಎಷ್ಟು ಜನ ಕೇಳಿದೆವು? ನಮ್ಮ ಕೋಪವೆಲ್ಲ ಬಂಧನದ ಸುದ್ದಿಯೊಂದಿಗೆ ಇಳಿದುಹೋಗುತ್ತದೆ, ಪ್ರಕರಣ ನಿಜವಾಗಿ ಶುರುವಾಗುವುದು ಆಮೇಲೆ.

ಆರೋಪಿಗಳ ಮುಖಗಳನ್ನು ಎಲ್ಲರ ಮೊಬೈಲಿಗೂ ಹರಡುವುದರಿಂದ ಇನ್ನೊಂದು ನಷ್ಟವಿದೆ. ಗುರುತು ಪತ್ತೆ ಪರೇಡಿನಲ್ಲಿ ಗಾಯಾಳು ಆರೋಪಿಯನ್ನು ತೋರಿಸಿದಾಗ, ಇವನು ಗುರುತಿಸಿದ್ದು ಘಟನೆಯ ನೆನಪಿನಿಂದಲ್ಲ, ವಾಟ್ಸ್ಆ್ಯಪ್ ಚಿತ್ರದಿಂದ ಎಂದು ಎದುರು ವಕೀಲರು ಕೇಳುತ್ತಾರೆ. ಅದಕ್ಕೆ ಒಳ್ಳೆಯ ಉತ್ತರವಿರುವುದಿಲ್ಲ.

ಠಾಣೆಯವರು ಮೊದಲು ಕೊಟ್ಟ ಹಿಂಬರಹದ ಬಗ್ಗೆಯೂ ಹೇಳಲೇಬೇಕು. ಕೈಯಿಂದ ಹೊಡೆದ ಸಾದಾ ಗಾಯ ಅಸಂಜ್ಞೇಯವೆಂಬುದು ನಿಜ. ಆದರೆ ಮನುಷ್ಯನನ್ನು ಕಂಬಕ್ಕೆ ಕಟ್ಟಿ ನಿಲ್ಲಿಸಿದರೆ ಅದು ಅಕ್ರಮ ಬಂಧನ, ಐದು ಅಥವಾ ಹೆಚ್ಚು ಮಂದಿ ಸೇರಿ ಹೊಡೆದರೆ ಅದು ದೊಂಬಿ, ಇವೆರಡೂ ಸಂಜ್ಞೇಯ ಅಪರಾಧಗಳು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯವೆಂದು 2013ರ ಲಲಿತಾ ಕುಮಾರಿ ತೀರ್ಪು ಹೇಳಿದೆ. ವೈದ್ಯರ ಗಾಯದ ಪ್ರಮಾಣಪತ್ರವೂ ಮುಖ್ಯ. ಮೂಳೆ ಮುರಿದಿದ್ದರೆ, ಹಲ್ಲು ಹೋಗಿದ್ದರೆ, ಅಥವಾ ಹದಿನೈದು ದಿನ ತೀವ್ರ ನೋವಿನಿಂದ ನರಳಿದ್ದರೆ ಅದು ಘೋರ ಗಾಯವಾಗುತ್ತದೆ. ಹಳೆಯ ದಂಡ ಸಂಹಿತೆಯಲ್ಲಿ ಇಪ್ಪತ್ತು ದಿನ ಎಂದಿದ್ದುದನ್ನು ಹೊಸ ನ್ಯಾಯ ಸಂಹಿತೆ ಹದಿನೈದಕ್ಕೆ ಇಳಿಸಿದೆ. ಘೋರ ಗಾಯಕ್ಕೆ ಏಳು ವರ್ಷದವರೆಗೆ ಶಿಕ್ಷೆ, ಸಾದಾ ಗಾಯಕ್ಕೆ ಒಂದು ವರ್ಷದವರೆಗೆ. ಆ ಯುವಕನನ್ನು ಯಾರಾದರೂ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದು ಎಂಎಲ್‌ಸಿ, ಅಂದರೆ ಪೊಲೀಸ್ ಪ್ರಕರಣಕ್ಕೆಂದು ವೈದ್ಯರು ಬರೆಯುವ ಗಾಯದ ದಾಖಲೆ, ಮಾಡಿಸಿದ್ದಾರೆಯೇ? ವಿಡಿಯೊ ನೋಡಿದ ಸಾವಿರಾರು ಜನರಲ್ಲಿ ಈ ಪ್ರಶ್ನೆ ಕೇಳಿದವರು ಒಬ್ಬರಾದರೂ ಇರಲಿ ಎಂದು ಆಶಿಸುತ್ತೇನೆ.

ತೋಟದ ದಾರಿ, ಮೂಡಿಗೆರೆ:

ವಕೀಲೆ ಮೇಡಂ ಹೇಳಿದ ಕ್ರಮವನ್ನು ನಾನು ಗೌರವಿಸುತ್ತೇನೆ. ಆದರೂ ಒಂದು ಮಾತಿಗೆ ನನ್ನ ತಕರಾರಿದೆ. ನಾನು ಕಾಫಿ ತೋಟದ ಕಾರ್ಮಿಕರ ನಡುವೆ ಕೆಲಸ ಮಾಡುವವನು. ಕೂಲಿಯವನ ದೂರನ್ನು ಠಾಣೆಯ ಮೆಟ್ಟಿಲಿನಲ್ಲೇ ವಾಪಸು ಕಳುಹಿಸುವುದನ್ನು ಬಹಳ ಸಲ ಕಂಡಿದ್ದೇನೆ. ಅವನ ಕೈಯಲ್ಲಿ ವಿಡಿಯೊ ಇದ್ದರೆ ಮಾತ್ರ ಕುರ್ಚಿ ಸಿಗುತ್ತದೆ. ಹರಡಬೇಡಿ, ಒಪ್ಪಿಸಿ ಎಂಬ ಸಲಹೆ, ಒಪ್ಪಿಸಿದ್ದನ್ನು ಸ್ವೀಕರಿಸುವ ಠಾಣೆ ಇದ್ದಾಗ ಮಾತ್ರ ಕೆಲಸಕ್ಕೆ ಬರುತ್ತದೆ. ಇವರ ಊರಿನಲ್ಲಿ ಆ ಅರ್ಧ ನಿಮಿಷದ ತುಣುಕು ಹರಡಿದ್ದರಿಂದಲೇ ಎಫ್‌ಐಆರ್ ಆಯಿತು ಎಂಬುದನ್ನು ನಾವು ಮರೆಯಬಾರದು.

ಹಾಗೆಂದು ವಿಡಿಯೊ ಇಲ್ಲದೆ ಏನೂ ಆಗದೆಂದೂ ಅಲ್ಲ. ನಮ್ಮ ತಾಲ್ಲೂಕಿನ ಗೋಣಿಬೀಡು ಠಾಣೆಯೊಳಗೆ 2021ರ ಮೇ ತಿಂಗಳಲ್ಲಿ ದಲಿತ ಯುವಕನೊಬ್ಬನಿಗೆ ಚಿತ್ರಹಿಂಸೆ ನೀಡಿ ಮೂತ್ರ ಕುಡಿಸಿದ ಆರೋಪ ಹೊರಬಂದಾಗ, ಹರಡಲು ಯಾವ ದೃಶ್ಯವೂ ಇರಲಿಲ್ಲ. ಆತ ಹಿರಿಯ ಅಧಿಕಾರಿಗಳಿಗೆ ಬರೆದ ದೂರು ಮತ್ತು ಅದರ ಹಿಂದೆ ನಿಂತ ಸಂಘಟನೆಗಳ ಬಲದಿಂದ ಪಿಎಸ್‌ಐ ಅಮಾನತಾಗಿ, ತನಿಖೆ ಸಿಐಡಿಗೆ ಹೋಗಿ, ಅದೇ ವರ್ಷ ಬಂಧನವೂ ಆಯಿತು. 2023ರ ನವೆಂಬರ್ ಕೊನೆಯಲ್ಲಿ ಚಿಕ್ಕಮಗಳೂರಿನಲ್ಲಿ ಹೆಲ್ಮೆಟ್ ವಿಚಾರಕ್ಕೆ ಯುವ ವಕೀಲರೊಬ್ಬರ ಮೇಲೆ ಪೊಲೀಸರು ಹಲ್ಲೆ ನಡೆಸಿದರೆಂಬ ಪ್ರಕರಣದಲ್ಲಿ ಸಿಬ್ಬಂದಿಯ ಅಮಾನತಾಯಿತು, ಹೈಕೋರ್ಟ್ ಸ್ವಯಂಪ್ರೇರಿತವಾಗಿ ವಿಚಾರಣೆಗೆ ಎತ್ತಿಕೊಂಡಿತು, ಆ ಬೆನ್ನಿಗೇ ಪೊಲೀಸರೂ ಬೀದಿಗಿಳಿದರು. ಅಲ್ಲಿ ಗಾಯಾಳುವಿನ ಬೆನ್ನಿಗೆ ರಾಜ್ಯದ ವಕೀಲರ ಸಂಘಗಳಿದ್ದವು. ಶುಂಠಿ ಕೂಲಿಗೆ ಬಂದವನ ಬೆನ್ನಿಗೆ ಯಾರಿದ್ದಾರೆ? ಒಬ್ಬ ಮೇಸ್ತ್ರಿ, ಅವನೂ ಮುಂದಿನ ವಾರ ಬೇರೆ ಊರಿನ ಹೊಲಕ್ಕೆ ಹೋಗುತ್ತಾನೆ.

ನನ್ನ ನಿಜವಾದ ಆತಂಕ ಅಲ್ಲಿದೆ. ಶುಂಠಿ ಕೆಲಸ ಮುಗಿದೊಡನೆ ತಂಡ ಊರಿಗೆ ಹಿಂದಿರುಗುತ್ತದೆ. ಎರಡು ವರ್ಷದ ಮೇಲೆ ಸಮನ್ಸ್ ಹೊರಟಾಗ ಆ ವಿಳಾಸದಲ್ಲಿ ಆತ ಇರುವುದಿಲ್ಲ, ಗೋವಾದಲ್ಲೋ ಪುಣೆಯಲ್ಲೋ ಕಟ್ಟಡದ ಕೆಲಸದಲ್ಲಿರುತ್ತಾನೆ. ದೂರುದಾರನೇ ಬರದಿದ್ದರೆ ನಿಮ್ಮ ಕ್ಯಾಮೆರಾದ ದೃಶ್ಯಕ್ಕೆ ಜೀವ ಕೊಡುವವರು ಯಾರು? ಈಗಲೇ ಅವನ ಊರಿನ ವಿಳಾಸ, ಮನೆಯವರ ಫೋನ್ ನಂಬರ್ ಎಫ್‌ಐಆರ್‌ನಲ್ಲಿ ಸರಿಯಾಗಿ ಬಂದಿದೆಯೇ ನೋಡಿ. ಎಫ್‌ಐಆರ್‌ನ ಪ್ರತಿ ಅವನಿಗೆ ಉಚಿತವಾಗಿ ಸಿಗಬೇಕು. ತನಿಖೆ ಎಲ್ಲಿಗೆ ಬಂದಿದೆ ಎಂಬುದನ್ನು ತೊಂಬತ್ತು ದಿನಗಳೊಳಗೆ ಪೊಲೀಸರೇ ಅವನಿಗೆ ತಿಳಿಸಬೇಕೆಂದು ಹೊಸ ಕಾನೂನಿನಲ್ಲಿದೆ. ಆತ ಪರಿಶಿಷ್ಟ ಜಾತಿ ಅಥವಾ ಪಂಗಡದವನಾಗಿದ್ದು ಹೊಡೆದವರು ಬೇರೆಯವರಾಗಿದ್ದರೆ, 1989ರ ದೌರ್ಜನ್ಯ ತಡೆ ಕಾಯಿದೆ ಅನ್ವಯಿಸುತ್ತದೆಯೇ ಎಂದು ನೋಡಬೇಕು. ಅನ್ವಯಿಸಿದರೆ ತನಿಖೆಯನ್ನು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರು ನಡೆಸುವಂತಿಲ್ಲ, ಪರಿಹಾರಧನವೂ ಹಂತ ಹಂತವಾಗಿ ಬರಬೇಕು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ, 15100ಕ್ಕೆ ಕರೆ ಮಾಡಿದರೆ ಸಾಕು.

ಒತ್ತಡ ಹೇಗೆ ಉಳಿಸುವುದು ಎಂದು ಕೇಳಿದ್ದೀರಿ. ವಿಡಿಯೊ ಕಳುಹಿಸುವ ಬದಲು ಎಫ್‌ಐಆರ್‌ನ ಸಂಖ್ಯೆಯನ್ನು ಗುಂಪಿನಲ್ಲಿ ಹಾಕಿ. ತಿಂಗಳಿಗೊಮ್ಮೆ ಊರಿನ ನಾಲ್ಕು ಜನ ಠಾಣೆಗೆ ಹೋಗಿ, ದೋಷಾರೋಪ ಪಟ್ಟಿ ಸಲ್ಲಿಕೆಯಾಯಿತೇ ಎಂದು ಕೇಳಿ, ಉತ್ತರವನ್ನೂ ಅಲ್ಲೇ ಹಾಕಿ. ಹಿಂಬರಹ ಕೊಟ್ಟವರ ಮೇಲೆ ಲಿಖಿತ ದೂರು ಎಸ್‌ಪಿಯವರಿಗೆ ಹೋಗಲಿ, ಪ್ರಯೋಜನವಾಗದಿದ್ದರೆ ಪೊಲೀಸ್ ದೂರು ಪ್ರಾಧಿಕಾರಕ್ಕೆ ಹೋಗಲಿ. ಅಮಾನತು ಎಂಬ ಪದ ಕೇಳಿ ಜನ ತೃಪ್ತರಾಗುತ್ತಾರೆ. ಅಮಾನತು ಶಿಕ್ಷೆಯಲ್ಲ, ಆ ಅವಧಿಯಲ್ಲಿ ಜೀವನಾಧಾರ ಭತ್ಯೆ ಬರುತ್ತದೆ, ಮತ್ತು ಇಲಾಖಾ ವಿಚಾರಣೆ ಏನಾಯಿತೆಂದು ಯಾರೂ ಕೇಳದಿದ್ದರೆ ಅದು ಸದ್ದಿಲ್ಲದೆ ಮುಗಿದುಹೋಗುತ್ತದೆ.

ನಿವೃತ್ತ ಶಿಕ್ಷಕಿ, ಹಾಸನ:

ಮೂಡಿಗೆರೆಯವರು ಕೂಲಿಕಾರರ ಬಗ್ಗೆ ಬರೆದದ್ದು ನನ್ನ ಮನಸ್ಸಿಗೆ ನಾಟಿತು. ಆದರೆ ವಿಡಿಯೊ ಹರಡುವುದರ ಬಗ್ಗೆ ಹಾಸನದವಳಾದ ನನಗೆ ಮೆದುವಾಗಿ ಮಾತನಾಡಲು ಸಾಧ್ಯವಿಲ್ಲ. 2024ರ ಏಪ್ರಿಲ್‌ನಲ್ಲಿ, ಲೋಕಸಭಾ ಚುನಾವಣೆಯ ಹೊತ್ತಿಗೆ, ನಮ್ಮ ಊರಿನ ಬೀದಿಗಳಲ್ಲಿ ಪೆನ್‌ಡ್ರೈವ್‌ಗಳು ಹಂಚಿಕೆಯಾದವು. ಆಗಿನ ಸಂಸದರ ವಿರುದ್ಧ ಲೈಂಗಿಕ ದೌರ್ಜನ್ಯದ ಆರೋಪಕ್ಕೆ ಆಧಾರವಾದ ಆ ದೃಶ್ಯಗಳಲ್ಲಿ ಹೆಣ್ಣುಮಕ್ಕಳ ಮುಖಗಳನ್ನು ಯಾರೂ ಮರೆಮಾಡಿರಲಿಲ್ಲ. ಅನ್ಯಾಯ ಬಯಲಿಗೆಳೆಯುತ್ತಿದ್ದೇವೆಂದು ಹೇಳಿಕೊಂಡವರು ಆ ಮಹಿಳೆಯರ ಒಪ್ಪಿಗೆಯನ್ನು ಕೇಳಲಿಲ್ಲ. ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿಯನ್ನು, ಮಗ ತಾಯಿಯನ್ನು ಅನುಮಾನದಿಂದ ನೋಡಿದ ದಿನಗಳವು. ದೃಶ್ಯಗಳನ್ನು ಇಟ್ಟುಕೊಳ್ಳುವುದು, ಹಂಚುವುದು ಅಪರಾಧವೆಂದು ವಿಶೇಷ ತನಿಖಾ ತಂಡವು ಎಚ್ಚರಿಕೆ ಕೊಡುವ ಹೊತ್ತಿಗೆ ಅವು ಹಳ್ಳಿಹಳ್ಳಿ ತಲುಪಿದ್ದವು.

ಆ ಸಂಸದರ ವಿರುದ್ಧದ ಒಂದು ಪ್ರಕರಣದಲ್ಲಿ 2025ರ ಆಗಸ್ಟ್‌ನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯವು ಜೀವಾವಧಿ ಶಿಕ್ಷೆ ವಿಧಿಸಿತು. ಆ ತೀರ್ಪಿನ ಹಿಂದೆ ಸಂತ್ರಸ್ತೆಯು ನ್ಯಾಯಾಲಯದಲ್ಲಿ ಧೈರ್ಯದಿಂದ ನುಡಿದ ಸಾಕ್ಷ್ಯವಿತ್ತು, ವಿಧಿವಿಜ್ಞಾನದ ವರದಿಗಳಿದ್ದವು. ಪೆನ್‌ಡ್ರೈವ್ ಹಂಚಿದವರ ಪಾಲು ಅದರಲ್ಲಿ ಏನಿತ್ತೆಂದು ನಾನು ಇಂದಿಗೂ ಕೇಳಿಕೊಳ್ಳುತ್ತೇನೆ. ಲೈಂಗಿಕ ದೌರ್ಜನ್ಯದ ಸಂತ್ರಸ್ತೆಯ ಗುರುತು ಬಹಿರಂಗಪಡಿಸಿದರೆ ನ್ಯಾಯ ಸಂಹಿತೆಯ 72ನೇ ಕಲಮಿನ ಪ್ರಕಾರ ಎರಡು ವರ್ಷದವರೆಗೆ ಶಿಕ್ಷೆಯಿದೆ. ಇವರ ಊರಿನ ಯುವಕನಿಗೆ ಆ ಕಲಮು ಅನ್ವಯಿಸದಿರಬಹುದು. ಆದರೆ ಕಂಬಕ್ಕೆ ಕಟ್ಟಿಸಿಕೊಂಡು ಅಳುತ್ತಿರುವ ಅವನ ಮುಖವನ್ನು ಅವನ ತಾಯಿ ಯಾರದೋ ಮೊಬೈಲಿನಲ್ಲಿ ನೋಡಬೇಕೇ? ಕಳ್ಳನೆಂಬ ಮಾತಿನೊಂದಿಗೇ ಆ ವಿಡಿಯೊ ಅವನ ಊರನ್ನು ಮುಟ್ಟಿರುತ್ತದೆ, ಅವನು ಕದ್ದಿಲ್ಲವೆಂಬ ಸುದ್ದಿ ಅಲ್ಲಿಯವರೆಗೆ ಹೋಗುವುದಿಲ್ಲ.

2023ರ ಡಿಸೆಂಬರ್‌ನಲ್ಲಿ ಬೆಳಗಾವಿಯ ವಂಟಮುರಿಯಲ್ಲಿ ಮಹಿಳೆಯೊಬ್ಬರನ್ನು ವಿವಸ್ತ್ರಗೊಳಿಸಿ ಕಂಬಕ್ಕೆ ಕಟ್ಟಿ ಹೊಡೆದಾಗ ಹೈಕೋರ್ಟ್ ಎರಡು ವಿಷಯಗಳನ್ನು ಗಮನಿಸಿತು. ಆಸ್ಪತ್ರೆಯಲ್ಲಿದ್ದ ಆಕೆಯನ್ನು ಕಾಣಲು ಗಣ್ಯರು ಸಾಲುಗಟ್ಟುವುದಕ್ಕೆ ತಡೆ ಹಾಕಿತು, ಮತ್ತು ಸುತ್ತ ನಿಂತು ನೋಡಿದವರ ಹೊಣೆಯ ಬಗ್ಗೆ ಕಟುವಾಗಿ ಮಾತನಾಡಿತು. ಅಲ್ಲೂ ಬಿಡಿಸಲು ಮುಂದಾದವರು ಒಬ್ಬರೇ, ಅವರೂ ಏಟು ತಿಂದರು. ನಿಮ್ಮ ಊರಿನಲ್ಲಿ ಅಂಥ ಒಬ್ಬರು ಆ ಆಟೊ ಚಾಲಕರು. ನಾವು ಅವರಿಗೆ ಕೊಟ್ಟ ಪ್ರತಿಫಲ ಕೆಂಪು ವೃತ್ತ. ಮುಂದಿನ ಸಲ ಯಾರನ್ನಾದರೂ ಕಟ್ಟಿ ಹೊಡೆಯುವಾಗ ಬಿಡಿಸಲು ಯಾರು ಹೋಗುತ್ತಾರೆ?

2018ರಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್ಆ್ಯಪ್ ಸುಳ್ಳನ್ನು ನಂಬಿದ ಗುಂಪು, ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರ್ ಒಬ್ಬರನ್ನು ಕೊಂದಿತು. ಹಲ್ಲೆ ಖಂಡಿಸುವ ಸಂದೇಶವೂ ತಪ್ಪು ಹೆಸರು ಹೊತ್ತರೆ ಅಲ್ಲಿಗೇ ತಲುಪಬಲ್ಲದು. ಆ ಚಿತ್ರ ಹರಡಿದ ಗುಂಪುಗಳ ಅಡ್ಮಿನ್‌ಗಳು ಅದೇ ಗುಂಪುಗಳಲ್ಲಿ, ಅಷ್ಟೇ ಸ್ಪಷ್ಟವಾಗಿ, ಇವರು ಹೊಡೆದವರಲ್ಲ ಎಂದು ಬರೆಯಬೇಕು. ಸುಮ್ಮನೆ ಅಳಿಸಿ ಕೈಬಿಡುವುದು ಸಾಲದು. ಚಾಲಕರು ಬೆದರಿಕೆ ಕರೆಗಳ ನಂಬರುಗಳನ್ನು, ಆ ಚಿತ್ರದ ಸ್ಕ್ರೀನ್‌ಶಾಟ್‌ಗಳನ್ನು ಇಟ್ಟುಕೊಂಡು ಜಿಲ್ಲೆಯ ಸಿಇಎನ್ ಠಾಣೆಗೆ, ಅಂದರೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಠಾಣೆಗೆ, ದೂರು ಕೊಡಲಿ. ಜೊತೆಗೆ ಹೋಗಲು ಯಾರೂ ಇಲ್ಲದಿದ್ದರೆ ನಾನು ಬರುತ್ತೇನೆ.

ಸಂತೆಬೀದಿ, ಹಾಸನ ಜಿಲ್ಲೆ:

ಎಲ್ಲರಿಗೂ ಕೃತಜ್ಞತೆಗಳು. ಹಾರ್ಡ್ ಡಿಸ್ಕ್ ಕಳಚಿಸಿಟ್ಟಿದ್ದೇನೆ, ಗಡಿಯಾರದ ವ್ಯತ್ಯಾಸವನ್ನೂ ಬರೆದಿಟ್ಟಿದ್ದೇನೆ. ಯುವಕನಿಗೆ ಪಕ್ಕೆಲುಬಿನ ನೋವಿದೆಯೆಂದು ಮೇಸ್ತ್ರಿ ಹೇಳಿದ್ದರಿಂದ ಆತನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಎಕ್ಸ್-ರೇ ತೆಗೆಸಿ, ಎಂಎಲ್‌ಸಿ ಬರೆಸಿದ್ದಾಯಿತು.

ಇನ್ನೆರಡು ಸಂದೇಹಗಳಿವೆ. ಆರೋಪಿಯೊಬ್ಬರ ಕಡೆಯವರು ಅಂಗಡಿಗೆ ಬಂದು, ಆಸ್ಪತ್ರೆ ಖರ್ಚು ಕೊಟ್ಟು ರಾಜಿ ಮಾಡಿಸೋಣ, ನೀವು ಮಧ್ಯಸ್ಥರಾಗಿ, ಆ ದೃಶ್ಯ ಹೊರಗೆ ಬಾರದಿರಲಿ ಎಂದು ಕೇಳಿದ್ದಾರೆ. ಮಾತು ಮೆದುವಾಗಿಯೇ ಇತ್ತು, ಆದರೆ ಇದೇ ಊರಿನಲ್ಲಿ ವ್ಯಾಪಾರ ಮಾಡಬೇಕಲ್ಲವೇ ಎಂದೂ ಹೇಳಿದರು. ಎರಡನೆಯದು, ಆಟೊ ಚಾಲಕರು ಕಟ್ಟು ಬಿಚ್ಚುವ ಭಾಗವನ್ನು ಮಾತ್ರ ಕತ್ತರಿಸಿ ಗುಂಪುಗಳಲ್ಲಿ ಹಾಕಿದರೆ ಅವರ ಮೇಲಿನ ಕಳಂಕ ಇಂದೇ ಕಳೆಯುತ್ತದೆ. ಅವರ ಹೆಂಡತಿ ಕೈಮುಗಿದು ಕೇಳಿದ್ದಾರೆ. ಇಲ್ಲವೆನ್ನಲು ನನಗೆ ಬಹಳ ಕಷ್ಟವಾಗುತ್ತಿದೆ.

ವಕೀಲೆ, ಹಾಸನ:

ಎಕ್ಸ್-ರೇ ತೆಗೆಸಿದ್ದು ಬಹಳ ಒಳ್ಳೆಯ ಕೆಲಸ. ಅದರ ವರದಿ ತನಿಖಾಧಿಕಾರಿಗೆ ತಲುಪಿತೇ ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಿ.

ರಾಜಿಯ ವಿಷಯದಲ್ಲಿ ನಿಮಗೆ ಅಧಿಕಾರವೇ ಇಲ್ಲ. ಸಾದಾ ಗಾಯದ ಆರೋಪವನ್ನು ಗಾಯಾಳು ಒಪ್ಪಿದರೆ ರಾಜಿ ಮಾಡಿಕೊಳ್ಳಬಹುದು. ಘೋರ ಗಾಯವಾದರೆ ನ್ಯಾಯಾಲಯದ ಅನುಮತಿ ಬೇಕು. ದೊಂಬಿಯ ಆರೋಪ ರಾಜಿಯಾಗತಕ್ಕ ಅಪರಾಧಗಳ ಪಟ್ಟಿಯಲ್ಲಿಲ್ಲ. ಸಾಕ್ಷ್ಯ ಮುಚ್ಚಿಡುವ ಮಾತು ರಾಜಿಯ ಹೆಸರಿನಲ್ಲಿ ಬಂದರೂ ಅದು ಪ್ರತ್ಯೇಕ ಅಪರಾಧ. ಬಂದವರಿಗೆ, ಪತ್ರ ಆಗಲೇ ಎಸ್‌ಪಿ ಕಚೇರಿಗೆ ಹೋಗಿದೆ, ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿ, ಮತ್ತು ಅದು ನಿಜವಾಗುವಂತೆ ಇಂದೇ ಕಳುಹಿಸಿ. ದೃಶ್ಯ ನಿಮ್ಮೊಬ್ಬರ ಬಳಿ ಮಾತ್ರ ಇದೆ ಎನ್ನುವವರೆಗೆ ನಿಮ್ಮ ಮೇಲೆ ಒತ್ತಡವಿರುತ್ತದೆ. ವ್ಯಾಪಾರದ ಮಾತು ಮತ್ತೆ ಬಂದರೆ ದಿನಾಂಕ ಸಮೇತ ಬರೆದಿಡಿ. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ರಕ್ಷಣೆ ಕೇಳಿ ಅರ್ಜಿ ಹಾಕಬಹುದು. ಅದನ್ನು ಪರಿಶೀಲಿಸುವ ಜಿಲ್ಲಾ ಸಮಿತಿಯ ಅಧ್ಯಕ್ಷರು ಜಿಲ್ಲಾ ನ್ಯಾಯಾಧೀಶರೇ.

ಆಟೊ ಚಾಲಕರ ಮನೆಯವರ ನೋವು ನನಗೆ ಅರ್ಥವಾಗುತ್ತದೆ, ಆದರೂ ಆ ಭಾಗವನ್ನು ಕತ್ತರಿಸಿ ಹಾಕಬೇಡಿ. ಕತ್ತರಿಸಿದ ತುಣುಕು ಹೊರಬಂದರೆ, ಅಂಗಡಿಯವರು ತಮಗೆ ಬೇಕಾದಂತೆ ಸಂಕಲಿಸಿದ್ದಾರೆ ಎಂಬ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಇದಕ್ಕಿಂತ ಬೇಗನೆ ಆಗುವ ದಾರಿಯಿದೆ. ದೃಶ್ಯ ಒಪ್ಪಿಸುವಾಗಲೇ ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರು ಪ್ರಾಸಿಕ್ಯೂಷನ್ ಪರ ಪ್ರತ್ಯಕ್ಷ ಸಾಕ್ಷಿಯೆಂದು ಹೇಳಿಕೆ ದಾಖಲಾಗಲಿ. ಆ ವ್ಯಕ್ತಿ ಆರೋಪಿಯಲ್ಲ, ಯುವಕನನ್ನು ಬಿಡಿಸಿದವರು ಎಂದು ಎಸ್‌ಪಿ ಕಚೇರಿಯಿಂದ ಪತ್ರಿಕಾ ಪ್ರಕಟಣೆ ಹೊರಡಿಸುವಂತೆ ಲಿಖಿತವಾಗಿ ಕೇಳಿ. ಶಿಕ್ಷಕಿಯವರು ಹೇಳಿದಂತೆ ಎಲ್ಲ ಗುಂಪುಗಳಲ್ಲಿಯೂ ಹಾಕಬೇಕಾದದ್ದು ಆ ಪ್ರಕಟಣೆಯನ್ನು. ಯುವಕ ಊರಿಗೆ ಹೊರಡುವ ಮುನ್ನ ಅವನ ಮತ್ತು ಚಾಲಕರ ಹೇಳಿಕೆಗಳನ್ನು ಮ್ಯಾಜಿಸ್ಟ್ರೇಟರ ಮುಂದೆ ನಾಗರಿಕ ಸುರಕ್ಷಾ ಸಂಹಿತೆಯ 183ನೇ ಕಲಮಿನಡಿ ದಾಖಲಿಸಲು ತನಿಖಾಧಿಕಾರಿಯನ್ನು ಒತ್ತಾಯಿಸಬೇಕು; ಪೊಲೀಸರ ಮುಂದೆ ಕೊಟ್ಟ ಹೇಳಿಕೆಗಿಂತ ಅದಕ್ಕೆ ತೂಕ ಹೆಚ್ಚು, ಮುಂದೆ ಯಾರಾದರೂ ಹೆದರಿಸಿ ಮಾತು ಬದಲಿಸಲು ನೋಡಿದರೂ ಅದು ದಾಖಲೆಯಲ್ಲಿ ಉಳಿಯುತ್ತದೆ.

ಪತ್ರದ ಕರಡನ್ನು ನಾನು ಬರೆದುಕೊಡುತ್ತೇನೆ. ಎಫ್‌ಐಆರ್ ಸಂಖ್ಯೆ ಮತ್ತು ಠಾಣೆಯ ಹೆಸರನ್ನು ಇಲ್ಲಿ ಹಾಕದೆ ನನಗೆ ಖಾಸಗಿಯಾಗಿ ಕಳುಹಿಸಿ. ಪ್ರಮಾಣಪತ್ರದ ನಮೂನೆಯನ್ನೂ ಅದರ ಜೊತೆಗೆ ಇಡುತ್ತೇನೆ, ಅದರಲ್ಲಿ ತುಂಬಲು ಡಿವಿಆರ್‌ನ ತಯಾರಕರ ಹೆಸರು, ಮಾದರಿ ಮತ್ತು ಸರಣಿ ಸಂಖ್ಯೆ ಬೇಕಾಗುತ್ತದೆ. ಪೆಟ್ಟಿಗೆಯ ಹಿಂಬದಿಯ ಚೀಟಿಯ ಮೇಲೆ ಸಾಮಾನ್ಯವಾಗಿ ಇರುತ್ತದೆ, ಅದರ ಫೋಟೊ ತೆಗೆದು ಕಳುಹಿಸಿ.